ಬಲಕ್ಕೊಂದು ಬೆಲೆ

ಮೇಜಿನ ಸುತ್ತ ಕೂತು ಆಡುವ ಪಾತ್ರದಾಟದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಆದರೆ ಅನ್ಯಾಯವಾದರೆ ಕೂತವರಿಗೆಲ್ಲ ತಿಳಿಯುತ್ತದೆ.

ಪಾತ್ರಕ್ಕೆ ಬಲ ಬರೆಯಲು ಒಂದು ವಾಕ್ಯ ಸಾಕು. ಆ ಬಲ ಬಂದ ಮೇಲೂ ಆಟ ಉಳಿಯುವಂತೆ ನೋಡಿಕೊಳ್ಳಲು ಕೆಲವೊಮ್ಮೆ ಒಂದು ಪುಸ್ತಕವೂ ಸಾಲದು.

ಅಂಕಿ ಸಮವಾದರೆ ಸಮತೋಲ ಬಂತೆಂದು ತಿಳಿಯುವುದು ಲೆಕ್ಕಿಗನ ಭ್ರಮೆ. ಪ್ರತಿಯೊಬ್ಬರೂ ತಮ್ಮ ಸರದಿಗಾಗಿ ಆಸೆಯಿಂದ ಕಾಯುವಂತಾದರೆ ಆಟ ಸಮತೋಲದಲ್ಲಿದೆ.

1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂರು ಕಿರುಪುಸ್ತಕಗಳಾಗಿ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ಯೋಧ, ಮಾಂತ್ರಿಕ, ಪುರೋಹಿತ, ಇಷ್ಟೇ ವರ್ಗಗಳು. ಮರುವರ್ಷವೇ ‘ಗ್ರೇಹಾಕ್’ ಎಂಬ ಮೊದಲ ಪುರವಣಿ ಬಂತು. ಸಾಕು ಎನ್ನುವ ಗುಣ ಈ ಆಟಕ್ಕೆ ಹುಟ್ಟಿನಿಂದಲೇ ಇಲ್ಲ.

ಪುರವಣಿ ಹುಟ್ಟುವುದು ಕೊರತೆಯಿಂದ, ಬೆಳೆಯುವುದು ಆಸೆಯಿಂದ.

ಗ್ರೇಹಾಕ್ ಕಳ್ಳನನ್ನು ತಂದಿತು. ಅಲ್ಲಿಯವರೆಗೆ ಗೋಡೆ ಹತ್ತಬೇಕಾದವರು ಹತ್ತುತ್ತಿದ್ದರು, ಅಡಗಬೇಕಾದವರು ಅಡಗುತ್ತಿದ್ದರು. ಆ ಕಲೆಗಳನ್ನು ಕಳ್ಳನ ಹೆಸರಿಗೆ ಬರೆದ ದಿನ ಉಳಿದವರ ಕೈಯಿಂದ ಅವು ಜಾರಿಹೋದವು. ಒಬ್ಬರಿಗೆ ಕೊಟ್ಟ ವರದಲ್ಲಿ ಉಳಿದೆಲ್ಲರಿಗೂ ಒಂದು ನಿಷೇಧ ಅಡಗಿರುತ್ತದೆ. ಅದನ್ನು ಯಾರೂ ಅಚ್ಚು ಹಾಕುವುದಿಲ್ಲ.

1981ರ ಆವೃತ್ತಿಯಲ್ಲಿ ಮೊದಲ ಲೆವೆಲ್ಲಿನ ಕಳ್ಳ ಬೀಗ ತೆಗೆಯುವುದು ನೂರಕ್ಕೆ 15 ಬಾರಿ. ನೆರಳಲ್ಲಿ ಅಡಗುವುದು 10 ಬಾರಿ. ಗೋಡೆ ಹತ್ತುವುದು ಮಾತ್ರ 87. ಅವನಿಗೆ ಕಸುಬು ಕೊಟ್ಟರು, ಕೈಚಳಕ ಕೊಡಲಿಲ್ಲ. ಹೆಸರಿನಲ್ಲಿ ಕೊಟ್ಟದ್ದನ್ನು ಅಂಕಿಯಲ್ಲಿ ಕಿತ್ತುಕೊಳ್ಳಬಾರದು.

ಗ್ರೇಹಾಕ್ ಪುರವಣಿಯೇ ಧರ್ಮಯೋಧನಾದ ಪ್ಯಾಲಡಿನ್‌ನನ್ನೂ ತಂದಿತು. ಅವನಾಗಲು ವರ್ಚಸ್ಸಿನ ಅಂಕ 17 ಇರಬೇಕು. ಮೂರು ದಾಳ ಉರುಳಿಸಿದರೆ 216 ಬಗೆ; ಅವುಗಳಲ್ಲಿ 17 ಅಥವಾ 18 ಬರುವುದು 4 ಬಗೆ. ಸಿಗುವುದು ವಿರಳ, ಆದ್ದರಿಂದ ಬಲ ಹೆಚ್ಚಿರಲಿ ಎಂದು ವಾದಿಸಿದರು. ವಿರಳತೆ ಪಾತ್ರ ಹುಟ್ಟಿದ ಗಳಿಗೆಗೇ ಮುಗಿದುಹೋಯಿತು. ಬಲ ವರ್ಷಗಟ್ಟಲೆ ಮೇಜಿನ ಮೇಲೆ ಉಳಿಯಿತು.

ದಾಳ ಕೊಟ್ಟ ಬಲವನ್ನು ಪಕ್ಕದವರು ಕ್ಷಮಿಸುತ್ತಾರೆ. ದುಡ್ಡು ಕೊಟ್ಟು ತಂದ ಪುಸ್ತಕದ ಬಲವನ್ನು ಕ್ಷಮಿಸುವುದು ಕಷ್ಟ.

ಈ ಆಟವನ್ನು ಕಟ್ಟಿದವರಲ್ಲೊಬ್ಬರಾದ ಡೇವ್ ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬ ಆಟಗಾರನ ಪಾತ್ರ ವ್ಯಾಂಪೈರ್ ಆಗಿ ಯಾರ ಕೈಗೂ ಸಿಗದಂತೆ ಬೆಳೆಯಿತು. ಅವನನ್ನು ಎದುರಿಸಲೆಂದು ಪುರೋಹಿತನ ವರ್ಗವನ್ನು ಕಟ್ಟಿದರು. ವ್ಯಾಂಪೈರ್ ಎಂದೋ ಹೋದ. ಪುರೋಹಿತ ಐವತ್ತು ವರ್ಷಗಳಾದರೂ ಪ್ರತಿ ಆವೃತ್ತಿಯಲ್ಲೂ ಪ್ರೇತಗಳನ್ನು ಹಿಮ್ಮೆಟ್ಟಿಸುತ್ತಲೇ ಇದ್ದಾನೆ. ಮದ್ದಿನ ಆಯುಷ್ಯ ರೋಗದ ಆಯುಷ್ಯಕ್ಕಿಂತ ದೊಡ್ಡದು. ಮದ್ದನ್ನು ನೋಡಿ ಅರೆಯಬೇಕು.

ಪರಿಹಾರವಾಗಿ ಬರೆದ ನಿಯಮ ಸಮಸ್ಯೆಗಿಂತ ಹೆಚ್ಚು ಜಾಗ ಕೇಳುತ್ತದೆ.

ಹಳೆಯ ಆವೃತ್ತಿಗಳಲ್ಲಿ ಮಾಂತ್ರಿಕನಿಗೆ ಮೊದಲ ಲೆವೆಲ್ಲಿನಲ್ಲಿ ದಿನಕ್ಕೆ ಒಂದೇ ಮಂತ್ರ. ಹಿಟ್ ಪಾಯಿಂಟ್ ಎಂಬ ಜೀವದ ಅಂಕಗಳು ಸಾಮಾನ್ಯವಾಗಿ ನಾಲ್ಕನ್ನು ಮೀರವು. ಒಂದು ಬೆಕ್ಕು ಪರಚಿದರೂ ಜೀವಕ್ಕೆ ಅಪಾಯ. ಮುಂದೊಂದು ದಿನ ಅವನು ಸೈನ್ಯಗಳನ್ನು ಸುಡುತ್ತಾನೆ ಎಂಬುದೇ ಸಮಾಧಾನ. ಬಾಲ್ಯದ ಬಡತನಕ್ಕೆ ಮುಪ್ಪಿನ ಸಿರಿ ಸರಿಹೋಗಬೇಕಾದರೆ ಆಟ ಮುಪ್ಪಿನವರೆಗೆ ನಡೆಯಬೇಕು.

ಅದೇ ಕಾಲದಲ್ಲಿ ಎಲ್ಫ್, ಕುಳ್ಳ, ಹಾಫ್ಲಿಂಗ್‌ಗಳಿಗೆ ಮೊದಲೇ ಕೈತುಂಬ ಕೊಟ್ಟು ಕೊನೆಗೆ ಬಾಗಿಲು ಹಾಕಿದರು: ಕುಳ್ಳನಿಗೆ 12, ಎಲ್ಫ್‌ಗೆ 10, ಹಾಫ್ಲಿಂಗ್‌ಗೆ 8ನೇ ಲೆವೆಲ್ಲಿನಾಚೆ ಏಳಿಗೆಯಿಲ್ಲ. ಬಹುಪಾಲು ಆಟಗಳು ಆ ಬಾಗಿಲಿನವರೆಗೂ ಹೋಗುವುದಿಲ್ಲ. ವಸೂಲಾಗದ ಸಾಲವನ್ನು ದಾನ ಎನ್ನಬೇಕು.

ಬಲ ಇಂದಿನದಾದರೆ ಬೆಲೆಯೂ ಇಂದಿನದಾಗಿರಲಿ.

1985ರ ‘ಅನ್‌ಅರ್ಥ್ಡ್ ಆರ್ಕೇನಾ’ ಬಾರ್ಬೇರಿಯನ್ ಎಂಬ ಕಾಡುಯೋಧನಿಗೆ ಎಲ್ಲರಿಗಿಂತ ಗಟ್ಟಿ ಜೀವ ಕೊಟ್ಟಿತು. ಬದಲಿಗೆ ಅವನು ಮಾಂತ್ರಿಕರ ಸಹವಾಸ ಮಾಡಬಾರದು, ಮಂತ್ರದ ವಸ್ತುಗಳನ್ನು ಒಡೆದು ಹಾಕಬೇಕು. ಬಲ ಅವನದು, ದಂಡ ತೆತ್ತದ್ದು ಪಕ್ಕದ ಕುರ್ಚಿಯಲ್ಲಿ ಕೂತ ಮಾಂತ್ರಿಕ. ಬೇರೆಯವರ ಸಂತೋಷದಿಂದ ಕಟ್ಟುವ ಬೆಲೆ ಬೆಲೆಯೇ ಅಲ್ಲ. ಈ ತಪ್ಪು ಇಂದಿಗೂ ಹೊಸ ಹೊಸ ವೇಷದಲ್ಲಿ ಅಚ್ಚಾಗುತ್ತಿದೆ.

‘ಟ್ರಾವೆಲರ್’ (1977) ಆಟದಲ್ಲಿ ಪಾತ್ರವನ್ನು ಕಟ್ಟುತ್ತಿರುವಾಗಲೇ ಪಾತ್ರ ಸಾಯಬಹುದು. ನಾಲ್ಕು ವರ್ಷದ ಒಂದೊಂದು ಸೇವಾವಧಿಗೂ ಹೊಸ ವಿದ್ಯೆ ಉಂಟು. ಒಂದೊಂದು ಅವಧಿಗೂ ಬದುಕುಳಿಯಲು ದಾಳ ಉರುಳಿಸಬೇಕು. ಇನ್ನೊಂದು ಅವಧಿ ಇರಲಿ ಎಂದವನಿಗೆ ವಯಸ್ಸೂ ಆಗುತ್ತದೆ. ಆಸೆಯ ಬೆಲೆಯನ್ನು ಇಷ್ಟು ಮುಂಗಡವಾಗಿ, ಇಷ್ಟು ಪ್ರಾಮಾಣಿಕವಾಗಿ ವಸೂಲು ಮಾಡಿದ ಆಟ ಇನ್ನೊಂದಿಲ್ಲ.

‘ಕಾಲ್ ಆಫ್ ಕ್ತುಲು’ (1981) ಆಟದಲ್ಲಿ ನಿಷಿದ್ಧ ಜ್ಞಾನ ಏರಿದಷ್ಟೂ ಮನಸ್ಸಿನ ಸ್ಥಿಮಿತದ ಗರಿಷ್ಠ ಮಿತಿ ಇಳಿಯುತ್ತದೆ. 99ರಲ್ಲಿ ಜ್ಞಾನದ ಅಂಕ ಕಳೆದರೆ ಉಳಿಯುವುದೇ ಮಿತಿ. ಎಲ್ಲರನ್ನೂ ಕಾಪಾಡಬಲ್ಲವನೇ ಎಲ್ಲರಿಗಿಂತ ಮೊದಲು ಕುಸಿಯುವವನು. ಒಂದು ಕಳೆಯುವ ಲೆಕ್ಕದಲ್ಲಿ ಇಡೀ ಆಟದ ದರ್ಶನ ಕೂತಿದೆ.

‘ರೂನ್‌ಕ್ವೆಸ್ಟ್’ (1978) ತನ್ನ ವಿದ್ಯೆಗಳಿಗೆ ಒಂದು ಷರತ್ತು ಹಾಕಿತು: ಬಳಸಿದ ವಿದ್ಯೆ ಬೆಳೆಯಬೇಕಾದರೆ ದಾಳದಲ್ಲಿ ಈಗಿನ ಅಂಕಕ್ಕಿಂತ ಹೆಚ್ಚು ಬೀಳಬೇಕು. ಕಲಿಯುವವನಿಗೆ ಹೆಬ್ಬಾಗಿಲು, ಬಲ್ಲವನಿಗೆ ಕಿಂಡಿ. ಬಲಿಷ್ಠನನ್ನು ತಡೆಯದೆ ನಿಧಾನಿಸುವ ಉಪಾಯ ಇದು. ತಡೆದರೆ ಮುನಿಸು ಬರುತ್ತದೆ, ನಿಧಾನಿಸಿದರೆ ಛಲ.

ಅಂಕ ಕೊಟ್ಟು ಬಲ ಕೊಳ್ಳುವ ಆಟಗಳಲ್ಲಿ ದೋಷ ಹೊತ್ತುಕೊಂಡರೆ ಹೆಚ್ಚಿನ ಅಂಕ ಸಿಗುತ್ತದೆ. ‘ಚಾಂಪಿಯನ್ಸ್’ (1981) ಈ ದಾರಿ ತೆರೆಯಿತು, ‘ಗರ್ಪ್ಸ್’ (1986) ಅಗಲ ಮಾಡಿತು. ಕಡಲೇ ಇಲ್ಲದ ಕತೆಯಲ್ಲಿ ನೀರಿನ ಭಯ ಯಾರಿಗೂ ಭಾರವಲ್ಲ. ಎಂದೂ ಎದುರಾಗದ ದೋಷಕ್ಕೆ ಅಂಕ ಕೊಡುವುದು ಪುಕ್ಕಟೆ ಬಲ ಹಂಚಿದಂತೆ.

ಬೆಲೆಪಟ್ಟಿ ಪುಸ್ತಕದಲ್ಲಿರುತ್ತದೆ. ಬೆಲೆ ಮಾತ್ರ ಕತೆಯಲ್ಲಿ ನಿರ್ಧಾರವಾಗುತ್ತದೆ.

ನೂರು ಸಾಮರ್ಥ್ಯಗಳಿದ್ದರೆ ಜೋಡಿಗಳು 4950. ನೂರೊಂದನೆಯದು ಸೇರಿದರೆ ಹೊಸ ಜೋಡಿಗಳು 100. ಬರೆದವರು ಒಂದೇ ಬರೆದೆವು ಎಂದುಕೊಂಡಿರುತ್ತಾರೆ.

ಬಿಡಿಯಾಗಿ ಸಾಧುವಾದ ಎರಡು ನಿಯಮಗಳು ಜೊತೆಯಾದಾಗ ಊರು ಕೊಳ್ಳೆ ಹೊಡೆಯಬಲ್ಲವು.

ಪುರವಣಿ ಬರೆಯುವವರು ಮೂಲಗ್ರಂಥವನ್ನು ಓದಿರುತ್ತಾರೆ. ಇನ್ನೊಂದು ಪುರವಣಿಯನ್ನು ಓದಿರುವುದಿಲ್ಲ. ಆಟಗಾರ ಎಲ್ಲವನ್ನೂ ಓದಿರುತ್ತಾನೆ.

ಬೇರೆ ಪ್ರಾಣಿಯ ರೂಪ ತಾಳುವ ಮಂತ್ರಕ್ಕೆ ತಿದ್ದುಪಡಿ ಬೇಕಿಲ್ಲ, ಹೊಸ ಪ್ರಾಣಿಗಳ ಪುಸ್ತಕ ಬಂದ ದಿನ ಅದು ತಾನಾಗಿ ಬೆಳೆಯುತ್ತದೆ. ಪಟ್ಟಿಯೊಂದನ್ನು ಬೆರಳು ಮಾಡಿ ತೋರಿಸುವ ಸಾಮರ್ಥ್ಯವನ್ನು ಬರೆಯುವಾಗ ಇನ್ನೂ ಬರೆಯದ ಪುಟಗಳಿಗೂ ರುಜು ಹಾಕಿದಂತಾಗುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2004ರ ‘ಸರ್ಪೆಂಟ್ ಕಿಂಗ್‌ಡಮ್ಸ್’ ಪುರವಣಿಯಲ್ಲಿ ಸರುಖ್ ಎಂಬ ಪುರಾತನ ಸರ್ಪಕುಲಕ್ಕೆ ತನ್ನ ಸೀಮೆಯ ಉರಗಜೀವಿಗಳ ರೂಪ, ಗುಣ, ಶಕ್ತಿಗಳನ್ನು ತಿದ್ದುವ ಬಲ ಕೊಟ್ಟರು. ಹಿನ್ನೆಲೆಯ ಕತೆಗೆ ಬೇಕಾದ ಬಲ, ಸೃಷ್ಟಿಕರ್ತರ ಬಲ. ಅದಕ್ಕೆ ಮೇಲ್ಮಿತಿ ಬರೆಯಬೇಕೆಂದು ಯಾರಿಗೂ ತೋಚಲಿಲ್ಲ. ನಿಯಮಗಳನ್ನು ಬಲ್ಲ ಓದುಗರು ಆ ಬಲವನ್ನು ಬಳಸುದಾರಿಗಳಿಂದ ಕೋಬೋಲ್ಡ್ ಎಂಬ ಅತಿ ದುರ್ಬಲ ಜೀವಿಗೆ ದಕ್ಕಿಸಿದರು. ಅದಕ್ಕೆ ಪನ್-ಪನ್ ಎಂದು ಹೆಸರಿಟ್ಟು, ಕಾಗದದ ಮೇಲೆ ಅನಂತ ಅಂಕಿಗಳ ದೇವರನ್ನು ಕಟ್ಟಿದರು. ಆಡಲೆಂದು ಕಟ್ಟಿದ ಪಾತ್ರವಲ್ಲ ಅದು. ಮೇಲ್ಮಿತಿಯಿಲ್ಲದ ಒಂದು ವಾಕ್ಯ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಸಾಕ್ಷಿ.

ರಕ್ಕಸನಿಗೆ ಕೊಟ್ಟ ಬಲ ಎಂದಾದರೂ ನಾಯಕನ ಕೈಗೆ ಬರುತ್ತದೆ. ಹಾಗೆಂದುಕೊಂಡೇ ಬರೆಯಬೇಕು.

ಚಿನ್ನ, ಆಯುಧ, ಅಂಕ ಇವೆಲ್ಲ ಚಿಲ್ಲರೆ. ಈ ಆಟಗಳ ನಿಜವಾದ ನಾಣ್ಯ ಸರದಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2000ದ ಮೂರನೆಯ ಆವೃತ್ತಿಯಲ್ಲಿ ‘ಹೇಸ್ಟ್’ ಮಂತ್ರ ಪಡೆದವರಿಗೆ ಹೆಚ್ಚುವರಿ ಕ್ರಿಯೆ ಸಿಗುತ್ತಿತ್ತು. ಯೋಧ ಅದರಲ್ಲಿ ಇನ್ನೊಂದು ಏಟು ಹೊಡೆದ. ಮಾಂತ್ರಿಕ ಇನ್ನೊಂದು ಮಂತ್ರ ಹೇಳಿದ. ಇಬ್ಬರಿಗೂ ಒಂದೇ ಅಳತೆಯಲ್ಲಿ ಅಳೆದು ಕೊಟ್ಟದ್ದು ಇಬ್ಬರ ನಡುವಿನ ಅಂತರವನ್ನೇ ಹಿಗ್ಗಿಸಿತು. 2003ರ ಪರಿಷ್ಕರಣೆ ಅದನ್ನು ಒಂದು ಹೆಚ್ಚುವರಿ ಏಟಿಗೆ ಇಳಿಸಿತು.

2014ರ ಆವೃತ್ತಿಯಲ್ಲಿ ಕಾಡುಪಾಲಕನ ಪ್ರಾಣಿಸಂಗಾತಿ ಹೊಡೆಯಬೇಕಾದರೆ ಪಾಲಕ ತನ್ನ ಕ್ರಿಯೆಯನ್ನು ಬಿಟ್ಟುಕೊಡಬೇಕಿತ್ತು. ದೇಹ ಎರಡಾದವು, ಸರದಿ ಒಂದೇ ಉಳಿಯಿತು. ತೋಳವನ್ನು ಆಸೆಯಿಂದ ಆರಿಸಿಕೊಂಡವರು ಅದನ್ನು ನೋಡುತ್ತ ಕೂರಬೇಕಾಯಿತು.

ಅದೇ ಪಾಲಕನಿಗೆ ಇನ್ನೊಂದು ವರವಿತ್ತು: ಅವನು ಬಲ್ಲ ನೆಲದಲ್ಲಿ ತಂಡ ದಾರಿ ತಪ್ಪುವುದಿಲ್ಲ. ಕಾಡಿನ ಪಾತ್ರ ಬಂದ ಕೂಡಲೇ ಆಟದಿಂದ ಕಾಡು ಮಾಯವಾಯಿತು. ಕಷ್ಟವನ್ನು ಅಳಿಸುವ ಬಲ ಆ ಕಷ್ಟದ ಕತೆಯನ್ನೂ ಅಳಿಸುತ್ತದೆ. ಕಾಡಿಗಾಗಿ ಬಂದವನಿಗೆ ಹೆಚ್ಚು ಕಾಡು ಕೊಡಬೇಕಿತ್ತು.

ಕಷ್ಟವನ್ನು ಸ್ವಾರಸ್ಯ ಮಾಡುವ ಬಲವೇ ಶ್ರೇಷ್ಠ ಬಲ.

ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕವೆಂದರೆ ನೂರಕ್ಕೆ ಐದು. ಒಂದು ಅಂಕ ತಾನೇ ಎಂದು ಆರು ಪುರವಣಿಗಳು ಬರೆದರೆ ನೂರಕ್ಕೆ ಮೂವತ್ತು.

2014ರ ಆವೃತ್ತಿ ಕೂಡುವ ಅಂಕಗಳನ್ನು ಬದಿಗಿಟ್ಟು, ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಿ ಎಂದಿತು. 11 ಬೇಕಾದಾಗ ಗೆಲುವಿನ ಸಾಧ್ಯತೆ 50ರಿಂದ 75ಕ್ಕೆ ಏರುತ್ತದೆ. 20 ಬೇಕಾದಾಗ 5ರಿಂದ 9.75ಕ್ಕೆ. ಅನುಮಾನವಿದ್ದಲ್ಲಿ ದೊಡ್ಡ ನೆರವು, ಅಸಾಧ್ಯದ ಎದುರು ಚಿಕ್ಕ ನೆರವು. ಈ ನೆರವು ಎರಡು ಕಡೆಯಿಂದ ಬಂದರೂ ಮೂರನೆಯ ದಾಳವಿಲ್ಲ. ಪೇರಿಸಲಾಗದ ವರವನ್ನು ಎಷ್ಟು ಜನ ಕೊಟ್ಟರೂ ಮೇಜು ಮುರಿಯದು.

ಏಕಾಗ್ರತೆಯ ನಿಯಮವೂ ಅಂಥದೇ. ಹಿಡಿದಿಟ್ಟುಕೊಳ್ಳಬೇಕಾದ ಮಂತ್ರ ಏಕಕಾಲಕ್ಕೆ ಒಂದೇ ಇರಬಹುದು. ಏಟು ಬಿದ್ದರೆ ಅದೂ ಕಳಚಬಹುದು. ನೂರು ಮಂತ್ರಗಳಿಗೆ ನೂರು ವಿನಾಯಿತಿ ಬರೆಯುವ ಬದಲು ಒಂದೇ ಸಾಲು ಬರೆದರು. ದೊಡ್ಡ ನಿಯಮಗಳು ಚಿಕ್ಕದಾಗಿರುತ್ತವೆ.

ದಿನಕ್ಕೆ ಆರರಿಂದ ಎಂಟು ಕಾಳಗ ನಡೆಯುತ್ತವೆ ಎಂದು ಅದೇ ಆವೃತ್ತಿ ಲೆಕ್ಕ ಹಾಕಿತ್ತು. ಬಹಳ ಮೇಜುಗಳಲ್ಲಿ ನಡೆಯುವುದು ಒಂದೋ ಎರಡೋ. ಹಂಚಿ ಖರ್ಚು ಮಾಡಬೇಕಾದ ಮಂತ್ರಗಳನ್ನು ಮಾಂತ್ರಿಕ ಒಂದೇ ಸಂಜೆ ಸುರಿದುಬಿಡುತ್ತಾನೆ. ದಿನವಿಡೀ ದಣಿಯದಿರುವುದೇ ಯೋಧನ ಹಿರಿಮೆ. ದಿನವೇ ಗಿಡ್ಡವಾದರೆ ಆ ಹಿರಿಮೆಯನ್ನು ತೋರುವುದೆಲ್ಲಿ? ಪುಸ್ತಕದಲ್ಲಿ ತೂಗಿದ್ದು ಒಂದು ದಿನವನ್ನು, ಮನೆಯಲ್ಲಿ ಆಡಿದ್ದು ಇನ್ನೊಂದನ್ನು.

2008ರ ನಾಲ್ಕನೆಯ ಆವೃತ್ತಿ ಎಲ್ಲ ವರ್ಗಗಳಿಗೂ ಒಂದೇ ಚೌಕಟ್ಟು ಕೊಟ್ಟಿತು: ಬೇಕೆಂದಾಗ ಬಳಸುವ ಬಲ, ಕಾಳಗಕ್ಕೊಮ್ಮೆ ಬಳಸುವ ಬಲ, ದಿನಕ್ಕೊಮ್ಮೆ ಬಳಸುವ ಬಲ. ಯೋಧನ ಸರದಿಯೂ ಮಾಂತ್ರಿಕನ ಸರದಿಯಷ್ಟೇ ಸ್ವಾರಸ್ಯವಾಗಬಲ್ಲದೆಂದು ಅದು ಸಾಧಿಸಿ ತೋರಿಸಿತು. ಆದರೆ ಕತ್ತಿಯೂ ಮಂತ್ರವೂ ಒಂದೇ ಅಚ್ಚಿನವಾಗಿ ಕಂಡವು ಎಂದು ಬಹಳ ಜನ ದೂರ ಸರಿದರು. ಸಮತೋಲವನ್ನು ಕೇಳಿದವರೇ ಅದು ಸಿಕ್ಕಾಗ ವ್ಯತ್ಯಾಸವನ್ನು ಕೇಳಿದರು. ಎರಡು ಕೇಳಿಕೆಯೂ ನ್ಯಾಯವೇ.

ಸಮ ಮಾಡುವಾಗ ಮೊದಲು ಸಾಯುವುದು ಸ್ವಭಾವ.

‘ಆರ್ಸ್ ಮ್ಯಾಜಿಕಾ’ (1987) ಮಾಂತ್ರಿಕರನ್ನು ಬೇರೆಲ್ಲರಿಗಿಂತ ಬಲಿಷ್ಠರೆಂದು ಸಾರಿಯೇ ಬರೆಯಿತು. ಆ ಬಲ ಒಬ್ಬರ ಸೊತ್ತಾಗದಂತೆ ಆಟಗಾರರು ಪಾತ್ರ ಬದಲಿಸುತ್ತಾರೆ: ಒಂದು ಕತೆಯಲ್ಲಿ ಮಾಂತ್ರಿಕನಾದವರು ಇನ್ನೊಂದರಲ್ಲಿ ಅವನ ಒಡನಾಡಿ ಅಥವಾ ಕಾವಲಾಳು. ಪಾತ್ರಗಳ ನಡುವೆ ಸಮತೋಲವಿಲ್ಲ, ಆಡುವವರ ನಡುವೆ ಇದೆ. ಬೇಕಾದದ್ದು ಎರಡನೆಯದು.

2002ರ ‘ಬಫಿ’ ಆಟದಲ್ಲಿ ವೀರರಿಗೆ ಬಲ, ಸಾಮಾನ್ಯ ಗೆಳೆಯರಿಗೆ ಅದೃಷ್ಟ. ಕತೆಯನ್ನು ತಿರುಗಿಸುವ ಅಂಕಗಳು ವೀರರಿಗೆ 10, ಗೆಳೆಯರಿಗೆ 20. ಒಬ್ಬರಿಗೆ ತೋಳಿನಲ್ಲಿ ಕೊಟ್ಟದ್ದನ್ನು ಇನ್ನೊಬ್ಬರಿಗೆ ಹಣೆಯಲ್ಲಿ ಬರೆದರು.

‘ರಿಫ್ಟ್ಸ್’ (1990) ಒಂದೇ ಪುಸ್ತಕದಲ್ಲಿ ದೈತ್ಯ ಕವಚದ ಸೈನಿಕನನ್ನೂ ಬರಿಗೈ ಅಲೆಮಾರಿಯನ್ನೂ ಇಟ್ಟಿತು. ಅದರ ಭಾರೀ ಆಯುಧಗಳು ಮಾಡುವ ಹಾನಿಯ ಒಂದು ಅಂಕ ಸಾಧಾರಣ ಹಾನಿಯ ನೂರು ಅಂಕಗಳಿಗೆ ಸಮ. ಆ ಲೋಕ ಜನಪ್ರಿಯವಾಯಿತು. ಅಲೆಮಾರಿಯನ್ನು ಆರಿಸಿಕೊಂಡವರಿಗೆ ಏನು ಕೆಲಸ ಎಂಬ ಪ್ರಶ್ನೆ ಆಟ ನಡೆಸುವವರ ಮೇಲೆ ಬಿತ್ತು. ಪುಸ್ತಕ ಮಾಡದ ಕೆಲಸವನ್ನು ಯಾರಾದರೂ ಮನೆಯಲ್ಲಿ ಕೂತು ಮಾಡಲೇಬೇಕು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ, ಅಂದರೆ 2014ರ, ಆವೃತ್ತಿಯ ‘ಫೈರ್‌ಬಾಲ್’ 8 ದಾಳ; ಸರಾಸರಿ 28. ಅದೇ ಆವೃತ್ತಿ ಹೊಸ ಮಂತ್ರ ಬರೆಯುವವರಿಗೆ ಕೊಟ್ಟ ಕೋಷ್ಟಕದ ಪ್ರಕಾರ, ಹಲವರಿಗೆ ತಾಗುವ ಆ ಮಟ್ಟದ ಮಂತ್ರಕ್ಕೆ 6 ದಾಳ; ಸರಾಸರಿ 21. ಮನೆಯವರೇ ಮನೆಯ ಅಳತೆ ಮೀರಿದರು, ತಿಳಿದೇ ಮೀರಿದರು. ಬೆಂಕಿಯ ಉಂಡೆ ಎಂದರೆ ಕೋಣೆ ಉರಿಯಬೇಕು ಎಂಬ ನೆನಪಿಗೆ ಗೌರವ ಕೊಟ್ಟರು. ಒಂದು ಬಾರಿಗೆ ಇದು ಸರಿ. ಎರಡನೆಯ ಬಾರಿ ಇದನ್ನೇ ಮಾಡಿದರೆ ಅಳತೆಗೋಲು ಬರಿಯ ಕೋಲು.

2020ರ ‘ತಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಪುರವಣಿಯಲ್ಲಿ ಮುಸ್ಸಂಜೆಯ ಪುರೋಹಿತನಿದ್ದಾನೆ. ಅವನ ಸುತ್ತ 30 ಅಡಿಯೊಳಗೆ ನಿಂತವರಿಗೆ ತಮ್ಮ ತಮ್ಮ ಸರದಿಯ ಕೊನೆಗೆ ಒಂದು ದಾಳ ಮತ್ತು ಅವನ ಲೆವೆಲ್‌ನಷ್ಟು ರಕ್ಷಣೆ. ಹೀಗೆ ಒಂದು ನಿಮಿಷ. ಐದನೆಯ ಲೆವೆಲ್ಲಿನಲ್ಲಿ ಒಬ್ಬರಿಗೆ ಸರಾಸರಿ ಎಂಟೂವರೆ. ನಾಲ್ವರಿದ್ದರೆ ಸುತ್ತಿಗೆ 34ರವರೆಗೆ. ರಕ್ಕಸ ಹೊಡೆದದ್ದನ್ನು ಗಾಯವಾಗುವ ಮೊದಲೇ ಹೀರಿಕೊಳ್ಳುತ್ತದೆ. ಕತ್ತಲಲ್ಲಿ ಎಲ್ಫ್‌ಗೆ 60 ಅಡಿ ಕಂಡರೆ ಅವನಿಗೆ 300 ಅಡಿ. ಇದರಲ್ಲಿ ಯಾವುದೂ ಯಾರನ್ನೂ ಕೆಣಕುವ ಬಲವಲ್ಲ. ಎಲ್ಲರಿಗೂ ಒಳ್ಳೆಯದನ್ನೇ ಮಾಡುವ ಬಲ. ಅದಕ್ಕೇ ಅದರ ಮೇಲೆ ದೂರು ಹೇಳುವವರು ಮೇಜಿನ ಒಂದೇ ಬದಿಯಲ್ಲಿದ್ದರು.

ಅಪಾಯವಿಲ್ಲದ ತಂಡಕ್ಕೆ ಧೈರ್ಯದ ಅಗತ್ಯವೂ ಇಲ್ಲ.

ಡ್ರ್ಯಾಗನ್‌ನ ದಾಳ ಮೇಜಿನ ನಡುವೆ ಉರುಳಿ ನಿಲ್ಲುತ್ತದೆ: 20. ಎಲ್ಲರ ಉಸಿರು ಕಟ್ಟುತ್ತದೆ. ಒಬ್ಬರು ಕೈಯೆತ್ತಿ ‘ಸಿಲ್ವರಿ ಬಾರ್ಬ್ಸ್’ ಎನ್ನುತ್ತಾರೆ. ಮತ್ತೆ ಉರುಳಿಸಿ, ಚಿಕ್ಕದನ್ನು ತೆಗೆದುಕೊಳ್ಳಬೇಕು: 6. ಕಟ್ಟಿದ ಉಸಿರು ಬಿಡುಗಡೆಯಾಗುವ ಬದಲು ಕರಗಿಹೋಗುತ್ತದೆ. 2021ರ ‘ಸ್ಟ್ರಿಕ್ಸ್‌ಹೇವನ್’ ಪುರವಣಿಯ ಈ ಮಂತ್ರ ಮೊದಲ ಮಟ್ಟದ್ದು, ಎದುರಾಳಿಯ ಸರದಿಯಲ್ಲೇ ಹೇಳುವಂಥದ್ದು. ಜೊತೆಗೆ ಸಂಗಾತಿಗೊಂದು ನೆರವನ್ನೂ ಕೊಡುತ್ತದೆ. ಅಂಕಿಗಳಲ್ಲಿ ಅದರ ನಷ್ಟ ಅಳೆಯಬಹುದು. ದಾಳ ನಿಂತಾಗಿನ ಆ ಒಂದು ಕ್ಷಣವನ್ನು ಅಳೆಯುವ ಕೋಷ್ಟಕ ಯಾವ ಪುಸ್ತಕದಲ್ಲೂ ಇಲ್ಲ.

ಆದದ್ದನ್ನು ಆಗಲಿಲ್ಲ ಎನ್ನುವ ಬಲವನ್ನು ತುಂಬಾ ದುಬಾರಿಯಾಗಿ ಮಾರಬೇಕು.

ಮೊದಲ ಮೆಟ್ಟಿಲಲ್ಲೇ ನಿಧಿ ಇಟ್ಟರೆ ಯಾರೂ ಮೇಲೆ ಹತ್ತುವುದಿಲ್ಲ. 2017ರಲ್ಲಿ ಬಂದ ‘ಹೆಕ್ಸ್‌ಬ್ಲೇಡ್’ ವಾರ್ಲಾಕ್ ಎಂಬ ಮಾಂತ್ರಿಕನಿಗೆ ಒಂದನೆಯ ಲೆವೆಲ್ಲಿಗೇ ವರ್ಚಸ್ಸಿನ ಬಲದಿಂದ ಕತ್ತಿ ಬೀಸುವ ವರ ಸಿಕ್ಕಿತು. ವರ್ಚಸ್ಸನ್ನೇ ನೆಚ್ಚಿದ ಪ್ಯಾಲಡಿನ್‌ಗಳು ಬಂದು ಆ ಒಂದು ಲೆವೆಲ್ ಮಾತ್ರ ಕೊಂಡು ಹೋದರು. 2024ರ ಕೈಪಿಡಿಯಲ್ಲಿ ಎಲ್ಲ ವರ್ಗಗಳ ಕವಲುಗಳೂ ಮೂರನೆಯ ಲೆವೆಲ್ಲಿನಿಂದ ಶುರುವಾಗುತ್ತವೆ.

ದುರ್ಬಲ ಸಾಮರ್ಥ್ಯದಿಂದ ಯಾರಿಗೆ ಕೇಡು ಎನ್ನುವವರಿದ್ದಾರೆ. ಅದನ್ನು ನಂಬಿ ಆರಿಸಿಕೊಂಡ ಹೊಸಬರಿಗೆ ಕೇಡು. ಮೂರನೆಯ ಆವೃತ್ತಿಯ ‘ಟಫ್‌ನೆಸ್’ ಕೊಟ್ಟದ್ದು 3 ಹಿಟ್ ಪಾಯಿಂಟ್, ಆ ಪಾತ್ರದ ಆಯುಷ್ಯಪೂರ್ತಿಗೆ. ಬಲ್ಲವರು ಮುಟ್ಟಲಿಲ್ಲ. ಗಟ್ಟಿಗನಾಗಬೇಕೆಂಬ ಸರಳ ಆಸೆಯವರು ಮುಟ್ಟಿದರು. ಓದುಗನನ್ನು ಪರೀಕ್ಷಿಸುವುದು ಆಟದ ಪುಸ್ತಕದ ಕೆಲಸವಲ್ಲ.

ಹೆಸರು ಒಂದು ಮಾತು ಕೊಡುತ್ತದೆ. ಅಂಕಿ ಅದನ್ನು ಉಳಿಸಿಕೊಳ್ಳಬೇಕು.

ಮಾತು ಬಾರದ ಆಟಗಾರ ವಾಗ್ಮಿಯ ಪಾತ್ರ ಆರಿಸಿಕೊಂಡಾಗ ದಾಳ ಅವನ ಪರವಾಗಿ ಮಾತಾಡಬೇಕು. ಸಂಕೋಚದವರಿಗೆ ಧೈರ್ಯದ ಬಾಳು ಒಂದು ಸಂಜೆಯ ಮಟ್ಟಿಗೆ ಸಿಗುವುದು ಸಣ್ಣ ವರವಲ್ಲ. ಸಾಮರ್ಥ್ಯ ಬರೆಯುವವರು ಈ ಒಬ್ಬನನ್ನು ನೆನೆದರೆ ಅರ್ಧ ಕೆಲಸ ಆದಂತೆ.

ಆಟ ನಡೆಸುವವರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟ ನಿಯಮ, ಬರೆದವರು ನೋಡಿಕೊಳ್ಳದ ನಿಯಮ.

2000ದ ಮುಕ್ತ ಪರವಾನಗಿಯಿಂದ ಯಾರು ಬೇಕಾದರೂ ಪುರವಣಿ ತರಬಹುದಾಯಿತು. ಬರೆಯುವ ಕೈ ಹೆಚ್ಚಿದವು, ಆಡಿ ನೋಡುವ ಕೈ ಅಷ್ಟು ಹೆಚ್ಚಲಿಲ್ಲ.

ಅಂಗಡಿಯಲ್ಲಿ ಪುಸ್ತಕ ತೆರೆದವರು ಮೊದಲು ನೋಡುವುದು ಬಲವನ್ನು. ಹತ್ತು ವರ್ಷ ಆ ಪುಸ್ತಕ ಕಪಾಟಿನಲ್ಲಿ ಉಳಿಯುವುದು ಮಿತಿಯಿಂದ.

ತಿದ್ದುಪಡಿಗೆ ನಾಚಬೇಕಿಲ್ಲ. 2017ರ ‘ಹೀಲಿಂಗ್ ಸ್ಪಿರಿಟ್’ ಮಂತ್ರದಿಂದ ಇಡೀ ತಂಡ ಸಾಲಾಗಿ ಒಂದು ಜಾಗವನ್ನು ಹಾದು ಹಾದು ಗಾಯ ಮಾಯಿಸಿಕೊಳ್ಳುತ್ತಿತ್ತು. 2020ರಲ್ಲಿ ಆ ಚೇತನ ಇಷ್ಟೇ ಬಾರಿ ಗುಣಪಡಿಸುತ್ತದೆ ಎಂದು ಎಣಿಕೆ ಹಾಕಿದರು. ಮೊದಲೇ ಬರೆಯಬೇಕಿದ್ದ ವಾಕ್ಯ ಮೂರು ವರ್ಷ ತಡವಾಗಿ ಬಂತು. ಬಾರದೆ ಉಳಿದವು ಎಷ್ಟೋ ಇವೆ.

ಪುರವಣಿ ಬರೆಯುತ್ತಿರುವವರಲ್ಲಿ ಒಂದು ಬೇಡಿಕೆ. ಅಚ್ಚಿಗೆ ಕೊಡುವ ಮುನ್ನ ನಿಮ್ಮ ಪರಿಚಯವೇ ಇಲ್ಲದ ಗುಂಪಿಗೆ ಅದನ್ನು ಕೊಡಿ. ಅವರು ಆಡುವಾಗ ನೀವು ಆ ಕೋಣೆಯಲ್ಲಿರಬೇಡಿ. ಇದ್ದರೆ ಪುಸ್ತಕದಲ್ಲಿಲ್ಲದ್ದನ್ನು ಬಾಯಲ್ಲಿ ಹೇಳಿಬಿಡುತ್ತೀರಿ. ಆಟ ಮುಗಿದ ಮೇಲೆ ಹೊಸ ಬಲ ಪಡೆದವರನ್ನು ಕೊನೆಗೆ ಕೇಳಿ. ಮೊದಲು ಅವರ ಪಕ್ಕ ಕೂತಿದ್ದವರನ್ನು ಕೇಳಿ.